ಕಲ್ಲಿಗೆ ಧಾರವಾಡದ ಹೆಸರಿಟ್ಟ ರಾಬರ್ಟ್ ಬ್ರೂಸ್ ಫೂಟ್

ಧಾರವಾಡ ಎಂದೊಡನೆ ಹೊರನಾಡ ಕನ್ನಡಿಗರಿಗೆ ನೆನಪಾಗುವುದು ಪೇಢೆ, ಬೇಂದ್ರೆಯವರು ಹಾಗೂ ಹಿಂದೂಸ್ತಾನಿ ಸಂಗೀತ. ಆದರೆ ಪ್ರಪಂಚದ ಯಾವುದೇ ಮೂಲೆಯಲ್ಲಿ ಭೂವಿಜ್ಞಾನ ಓದುವ ವಿದ್ಯಾರ್ಥಿಗೆ ಧಾರವಾಡ ಎಂದರೆ ಒಂದು ಜಾತಿಯ ಕಲ್ಲು. ಇನ್ನೂರೈವತ್ತು ಕೋಟಿ ವರ್ಷಗಳಿಗಿಂತಲೂ ಹಳೆಯದಾದ, ಚಿನ್ನ ಮತ್ತು ಕಬ್ಬಿಣವನ್ನು ಹೊಟ್ಟೆಯಲ್ಲಿಟ್ಟುಕೊಂಡ ಶಿಲಾಸಮೂಹಕ್ಕೆ ನಮ್ಮ ಊರಿನ ಹೆಸರನ್ನು ಶಾಶ್ವತವಾಗಿ ಅಂಟಿಸಿದವರು ರಾಬರ್ಟ್ ಬ್ರೂಸ್ ಫೂಟ್ ಎಂಬ ಆಂಗ್ಲ ಅಧಿಕಾರಿ. ಭಾರತದ ಪ್ರಾಗಿತಿಹಾಸದ ಪಿತಾಮಹ ಎಂದು ವಿದ್ವಾಂಸರು ಅವರನ್ನು ಗೌರವಿಸುತ್ತಾರೆ. ಆದರೆ ಕನ್ನಡ ನಾಡಿನ ಬೆಟ್ಟಗುಡ್ಡಗಳನ್ನು ಅವರು ಹೇಗೆ ಓದಿದರು, ಅದರಿಂದ ನಾಡಿಗೆ ಏನು ಸಿಕ್ಕಿತು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ.

ಮದ್ರಾಸಿಗೆ ಬಂದ ಯುವಕ

ಫೂಟ್ ಹುಟ್ಟಿದ್ದು 1834ರ ಸೆಪ್ಟೆಂಬರ್ 22ರಂದು, ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್ ಪಟ್ಟಣದಲ್ಲಿ. 1851ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪನೆಯಾಗಿದ್ದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯನ್ನು ಅವರು 1858ರ ಡಿಸೆಂಬರ್‌ನಲ್ಲಿ ಸೇರಿದರು. ಆಗ ಅವರಿಗೆ 24 ವರ್ಷ. ಕೆಲಸಕ್ಕೆ ಹಾಕಿದ್ದು ಮದ್ರಾಸ್ ಪ್ರಾಂತಕ್ಕೆ. ಮದ್ರಾಸಿನಲ್ಲಿ ಶಿಕ್ಷಣತಜ್ಞರಾಗಿಯೂ ತಮಿಳು ವಿದ್ವಾಂಸರಾಗಿಯೂ ಹೆಸರಾಗಿದ್ದ ಪೀಟರ್ ಪರ್ಸಿವಲ್ ಅವರ ಮಗಳನ್ನು ಮದುವೆಯಾದರು. ಅಲ್ಲಿಂದ ಮುಂದೆ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ದಕ್ಷಿಣ ಭಾರತವೇ ಅವರ ಮನೆಯಾಯಿತು.

ಅಂದಿನ ಸರ್ವೆ ಅಧಿಕಾರಿಯ ಜೀವನ ಇಂದಿನ ಕಚೇರಿ ಜೀವನದಂತಿರಲಿಲ್ಲ. ಮಳೆ ನಿಂತ ಮೇಲೆ ಡೇರೆ, ಸಾಮಾನು ಸರಂಜಾಮು ಕಟ್ಟಿಕೊಂಡು ಹೊರಟರೆ ಬೇಸಿಗೆ ಏರುವವರೆಗೂ ಊರಿಂದೂರಿಗೆ ಅಲೆದಾಟ. ಕೈಯಲ್ಲಿ ಸುತ್ತಿಗೆ, ಜೇಬಿನಲ್ಲಿ ಭೂತಕನ್ನಡಿ, ದಿಕ್ಸೂಚಿ, ಇಳಿಜಾರು ಅಳೆಯುವ ಕ್ಲೈನೋಮೀಟರ್, ಒಂದು ನಕ್ಷೆ, ಒಂದು ಟಿಪ್ಪಣಿ ಪುಸ್ತಕ. ಇಷ್ಟೇ ಬಂಡವಾಳ. ಇಷ್ಟರಿಂದಲೇ ನೆಲದ ಮೇಲೆ ಕಾಣುವುದನ್ನು ಬರೆದುಕೊಂಡು, ನೆಲದ ಕೆಳಗೆ ಕಾಣದಿರುವುದನ್ನು ಊಹಿಸಬೇಕು.

ಪಲ್ಲಾವರದ ಕಲ್ಲು

1863ರ ಮೇ 30ರಂದು ಮದ್ರಾಸಿನ ದಕ್ಷಿಣಕ್ಕಿರುವ ಪಲ್ಲಾವರಂನ ಸೈನಿಕ ಮೈದಾನದ ಬಳಿಯ ಜಲ್ಲಿ ಗುಂಡಿಯಲ್ಲಿ ಫೂಟ್ ಅವರ ಕಣ್ಣಿಗೆ ಒಂದು ಕಲ್ಲು ಬಿತ್ತು. ಎರಡೂ ಬದಿ ಚಕ್ಕೆ ಎಬ್ಬಿಸಿ ಅಂಚು ಮಾಡಿದ, ಅಂಗೈಗೆ ಹಿಡಿಯುವಂಥ ಕಲ್ಲು. ಸಾಮಾನ್ಯ ಮನುಷ್ಯ ಅದನ್ನು ಒದ್ದು ಮುಂದೆ ಹೋಗುತ್ತಿದ್ದ. ಫೂಟ್ ಗಮನಿಸಿದ್ದು ಎರಡು ಸಂಗತಿಗಳನ್ನು. ಒಂದು, ಅದು ಬಿದ್ದಿದ್ದ ಪದರ. ಅದು ಮುರಕಲ್ಲಿನ ಜಲ್ಲಿ. ನಮ್ಮ ಕರಾವಳಿಯವರು ಮನೆ ಕಟ್ಟುವ ಕೆಂಪು ಮುರಕಲ್ಲಿನ ಜಾತಿಯೇ. ಎರಡು, ಆ ಕಲ್ಲಿನ ಗುಣ. ಪಲ್ಲಾವರಂ ಮತ್ತು ಸೇಂಟ್ ಥಾಮಸ್ ಮೌಂಟ್ ಸುತ್ತಿನ ಬಂಡೆ ಮುಂದೆ ಚಾರ್ನೊಕೈಟ್ ಎಂದು ಹೆಸರು ಪಡೆದ ಕಪ್ಪು ಛಾಯೆಯ ಗಟ್ಟಿ ಶಿಲೆ. ಕೈಗೆ ಸಿಕ್ಕ ಕಲ್ಲಾದರೋ ಕ್ವಾರ್ಟ್‌ಜೈಟ್. ಅಂದರೆ ಅದು ಆ ನೆಲದ ಕಲ್ಲಲ್ಲ, ವಾಯವ್ಯದ ಗುಡ್ಡಗಳ ಕಡೆಯಿಂದ ಬಂದದ್ದು. ಅದನ್ನು ಹದ ಮಾಡಿದ್ದು ಮನುಷ್ಯನ ಕೈ.

ಯೂರೋಪಿನಲ್ಲಿ ಆದಿಮಾನವನ ಕಲ್ಲಿನ ಆಯುಧಗಳನ್ನು ವಿದ್ವಾಂಸರು ಒಪ್ಪಿಕೊಂಡು ಆಗಿನ್ನೂ ನಾಲ್ಕು ವರ್ಷವಾಗಿತ್ತಷ್ಟೆ. ಭಾರತದಲ್ಲಿಯೂ ಅಷ್ಟೇ ಪ್ರಾಚೀನ ಮಾನವನಿದ್ದ ಎಂಬುದಕ್ಕೆ ಪಲ್ಲಾವರಂ ಮೊದಲ ಸಾಕ್ಷಿಯಾಯಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಸಹೋದ್ಯೋಗಿ ವಿಲಿಯಂ ಕಿಂಗ್ ಅವರೊಡನೆ ಇಂದಿನ ತಿರುವಳ್ಳೂರು ಜಿಲ್ಲೆಯ ಅತ್ತಿರಂಪಾಕ್ಕಂನಲ್ಲಿ ಇನ್ನಷ್ಟು ಆಯುಧಗಳು ಸಿಕ್ಕವು. ಅಲ್ಲಿಯ ಅತಿ ಹಳೆಯ ಆಯುಧಗಳು ಸುಮಾರು 15 ಲಕ್ಷ ವರ್ಷಗಳಷ್ಟು ಹಿಂದಿನವು ಎಂದು 2011ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ. ಫೂಟ್ ಅವರ ಕಾಲದಲ್ಲಿ ಇಷ್ಟು ದೊಡ್ಡ ಸಂಖ್ಯೆಯನ್ನು ಯಾರೂ ಊಹಿಸುವಂತಿರಲಿಲ್ಲ.

ಬೆಳಗಾವಿ, ಗೋಕಾಕ, ಧಾರವಾಡ

ಮುಂದೆ ಫೂಟ್ ಅವರಿಗೆ ಒಪ್ಪಿಸಿದ್ದು ದಕ್ಷಿಣ ಮರಾಠಾ ಸೀಮೆ ಎಂದು ಕರೆಯುತ್ತಿದ್ದ ಪ್ರದೇಶ. ಇಂದಿನ ಬೆಳಗಾವಿ, ಬಾಗಲಕೋಟೆ, ಧಾರವಾಡ, ಗದಗ ಭಾಗಗಳು. ಈ ಸೀಮೆಯ ಬಗ್ಗೆ ಅವರು ಬರೆದ ಬೃಹತ್ ವರದಿ 1876ರಲ್ಲಿ ಪ್ರಕಟವಾಯಿತು.

ಮುಂಬಯಿ ಅಥವಾ ಪುಣೆಯಿಂದ ಮೀರಜ್, ಬೆಳಗಾವಿ ಮಾರ್ಗವಾಗಿ ಊರಿಗೆ ರೈಲಿನಲ್ಲಿ ಹೋಗುವ ಕನ್ನಡಿಗರು ಗಮನಿಸಿರಬಹುದು. ಸಹ್ಯಾದ್ರಿಯ ಘಟ್ಟದಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಾಣುವ ಕರಿಕಲ್ಲು ಬಸಾಲ್ಟ್. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಹರಿದ ಲಾವಾರಸ ಹೆಪ್ಪುಗಟ್ಟಿದ್ದು. ಬೆಳಗಾವಿ ದಾಟಿ ದಕ್ಷಿಣಕ್ಕೆ ಬರುತ್ತಿದ್ದಂತೆ ಈ ಹೊದಿಕೆ ಮುಗಿದು, ಅದರ ಅಡಿಯಲ್ಲಿದ್ದ ಹಳೆಯ ಕಲ್ಲುಗಳು ತಲೆ ಎತ್ತುತ್ತವೆ. ಗೋಕಾಕದ ಜಲಪಾತ ಧುಮುಕುವ, ಬಾದಾಮಿಯ ಗುಹಾಲಯಗಳನ್ನು ಕೊರೆದಿರುವ ಮರಳುಗಲ್ಲಿನ ಸಮೂಹಕ್ಕೆ ಕಲಾದಗಿ ಎಂದು ಹೆಸರಿಟ್ಟವರು ಫೂಟ್ ಅವರೇ. ಗೋಕಾಕದ ಸಮೀಪದ ಚಿಕ್ಕದೌಲಿ ಎಂಬಲ್ಲಿ ಘೇಂಡಾಮೃಗದ ಪಳೆಯುಳಿಕೆ ದೊರೆತು, ಅದನ್ನು ಅವರು 1874ರಲ್ಲಿ ವಿವರಿಸಿದರು. ನಮ್ಮ ಬಯಲುಸೀಮೆಯಲ್ಲಿ ಒಂದು ಕಾಲಕ್ಕೆ ಘೇಂಡಾಮೃಗ ಮೇಯುತ್ತಿತ್ತು ಎಂಬುದು ಎಷ್ಟು ಜನರಿಗೆ ಗೊತ್ತು?

ಮನೆಯ ಮಾಡು ಮತ್ತು ಬಂಡೆಯ ಪದರ

ಭೂವಿಜ್ಞಾನಿ ದಿಕ್ಸೂಚಿಯಿಂದ ಏನು ಮಾಡುತ್ತಾನೆ ಎಂಬುದನ್ನು ಅರ್ಥ ಮಾಡಿಕೊಳ್ಳದೆ ಫೂಟ್ ಅವರ ಮುಂದಿನ ಕೆಲಸದ ಬೆಲೆ ತಿಳಿಯುವುದಿಲ್ಲ. ಆತ ಅದನ್ನು ದಾರಿ ಹುಡುಕಲಷ್ಟೇ ಬಳಸುವುದಿಲ್ಲ. ಬಂಡೆಯ ಪದರದ ಜಾಡನ್ನೂ ಅದರಿಂದಲೇ ಹಿಡಿಯುತ್ತಾನೆ.

ನಮ್ಮೂರ ಹೆಂಚಿನ ಮನೆಯ ಮಾಡನ್ನು ನೆನೆಸಿಕೊಳ್ಳೋಣ. ಮಾಡಿನ ಮೊಗಡು ಉತ್ತರ ದಕ್ಷಿಣವಾಗಿ ನೆಟ್ಟಗೆ ಓಡುತ್ತದೆ ಎಂದಿಟ್ಟುಕೊಳ್ಳಿ. ಮಳೆನೀರು ಪಶ್ಚಿಮಕ್ಕೆ ಇಳಿಯುತ್ತದೆ. ಬಂಡೆಯ ಪದರವೂ ಹೀಗೆಯೇ ವಾಲಿರುತ್ತದೆ. ಆ ಪದರದ ಮೇಲೆ ಮಟ್ಟಸವಾಗಿ ಎಳೆದ ಗೆರೆ, ಅಂದರೆ ಮೊಗಡಿನ ದಿಕ್ಕು, ಸ್ಟ್ರೈಕ್. ನೀರು ಇಳಿಯುವ ದಿಕ್ಕು ಮತ್ತು ಇಳಿಜಾರಿನ ಕೋನ, ಡಿಪ್. ಇವೆರಡೂ ಯಾವಾಗಲೂ ಒಂದಕ್ಕೊಂದು ಲಂಬವಾಗಿರುತ್ತವೆ. ದಿಕ್ಸೂಚಿಯ ನೇರ ಅಂಚನ್ನು ಬಂಡೆಗೆ ಮಟ್ಟಸವಾಗಿ ಒತ್ತಿ ಹಿಡಿದರೆ ಸ್ಟ್ರೈಕ್ ಸಿಗುತ್ತದೆ. ಕ್ಲೈನೋಮೀಟರನ್ನು ಇಳಿಜಾರಿನ ಮೇಲೆ ನಿಲ್ಲಿಸಿದರೆ, ಅದರೊಳಗೆ ನೇತಾಡುವ ತೂಕದ ಮುಳ್ಳು ಡಿಪ್ ಎಷ್ಟು ಡಿಗ್ರಿ ಎಂದು ತೋರಿಸುತ್ತದೆ. ಪದರ ನೆಲದಿಂದ ಹೊರಗೆ ಕಾಣುವ ಜಾಗಕ್ಕೆ ಔಟ್‌ಕ್ರಾಪ್ ಎನ್ನುತ್ತಾರೆ. ನಾಲ್ಕಾರು ಔಟ್‌ಕ್ರಾಪ್‌ಗಳಲ್ಲಿ ಈ ಎರಡು ಅಂಕಿಗಳನ್ನು ಬರೆದು ನಕ್ಷೆಯ ಮೇಲೆ ಗುರುತಿಸಿದರೆ, ಮಣ್ಣು ಮುಚ್ಚಿರುವ ಹೊಲಗಳ ಅಡಿಯಲ್ಲಿ ಪದರ ಎತ್ತ ಹೋಗಿದೆ, ಎಲ್ಲಿ ಮಡಿಸಿಕೊಂಡಿದೆ, ಎಲ್ಲಿ ತುಂಡಾಗಿ ಸರಿದಿದೆ ಎಂಬುದು ಹೊಳೆಯುತ್ತದೆ.

ಇದರಲ್ಲಿ ಎಚ್ಚರಿಕೆಯೂ ಬೇಕು. ದಿಕ್ಸೂಚಿಯ ಮುಳ್ಳು ತೋರಿಸುವುದು ಭೂಮಿಯ ಕಾಂತೀಯ ಉತ್ತರವನ್ನು, ನಕ್ಷೆಯ ಉತ್ತರವನ್ನಲ್ಲ. ಎರಡರ ಅಂತರವನ್ನು ಲೆಕ್ಕಕ್ಕೆ ಹಿಡಿಯಬೇಕು. ಕಾಂತಗುಣದ ಕಬ್ಬಿಣದ ಅದಿರು ಇರುವ ಕಡೆ ಮುಳ್ಳು ದಾರಿ ತಪ್ಪುತ್ತದೆ. ಅದನ್ನು ಕಂಡುಹಿಡಿಯಲು ಸರ್ವೆಯವರಲ್ಲಿ ಸರಳ ಉಪಾಯವಿದೆ. ಇಲ್ಲಿಂದ ಅಲ್ಲಿಗೆ ದಿಕ್ಕು ನೋಡುವುದು, ಅಲ್ಲಿಗೆ ಹೋಗಿ ಮತ್ತೆ ಇಲ್ಲಿಗೆ ನೋಡುವುದು. ಎರಡರ ನಡುವೆ ಸರಿಯಾಗಿ 180 ಡಿಗ್ರಿ ವ್ಯತ್ಯಾಸವಿರಬೇಕು. ಜಮಾ ಖರ್ಚು ತಾಳೆಯಾಗದಿದ್ದರೆ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ ಎಂದು ತಿಳಿಯುವಂತೆ, ಇಲ್ಲಿಯೂ ತಾಳೆಯಾಗದಿದ್ದರೆ ಹತ್ತಿರದಲ್ಲಿ ಕಬ್ಬಿಣವಿದೆ ಎಂದೇ ಅನುಮಾನಿಸಬೇಕು. ತಪ್ಪಿದ ಮುಳ್ಳೇ ಕೆಲವೊಮ್ಮೆ ಅದಿರಿನ ಸುಳಿವು ಕೊಡುವುದೂ ಉಂಟು. ಇಂದು ಮೊಬೈಲ್ ಫೋನಿನಲ್ಲಿರುವ ದಿಕ್ಸೂಚಿಗೂ ಈ ಮಾತು ಅನ್ವಯಿಸುತ್ತದೆ.

1894ರಲ್ಲಿ ಅಮೆರಿಕದ ಬ್ರಂಟನ್ ಎಂಬ ಗಣಿ ಎಂಜಿನಿಯರ್ ದಿಕ್ಸೂಚಿ, ಕ್ಲೈನೋಮೀಟರ್ ಎರಡನ್ನೂ ಒಂದೇ ಪೆಟ್ಟಿಗೆಯಲ್ಲಿ ಸೇರಿಸಿ ಪೇಟೆಂಟ್ ಪಡೆದರು. ಅದರ ತಟ್ಟೆಯಲ್ಲಿ ಪೂರ್ವ ಪಶ್ಚಿಮಗಳು ಅದಲು ಬದಲಾಗಿರುವುದನ್ನು ಕಂಡು ಹೊಸಬರು ಬೆಚ್ಚುತ್ತಾರೆ. ಮುಳ್ಳು ನಿಂತಲ್ಲೇ ನಿಂತು ಪೆಟ್ಟಿಗೆ ತಿರುಗುವುದರಿಂದ, ಓದುವವನಿಗೆ ಸರಿಯಾದ ಉತ್ತರ ನೇರವಾಗಿ ಸಿಗಲೆಂದು ಮಾಡಿದ ಏರ್ಪಾಡು ಅದು. ಫೂಟ್ ಅವರ ದೊಡ್ಡ ಸಮೀಕ್ಷೆಗಳೆಲ್ಲ ಅದಕ್ಕೂ ಮೊದಲೇ ಮುಗಿದಿದ್ದವು.

ಚಿನ್ನದ ಜ್ವರ

1874ರಲ್ಲಿ ಫೂಟ್ ಇಂದಿನ ಗದಗ ಜಿಲ್ಲೆಯ ಕಪ್ಪತಗುಡ್ಡದ ಚಿನ್ನದ ಶಿಲೆಗಳ ಬಗ್ಗೆ ವರದಿ ಬರೆದರು. ಅಂದು ಅದಕ್ಕೆ ಡಂಬಳದ ಗುಡ್ಡ ಎಂಬ ಹೆಸರಿತ್ತು. ಅಲ್ಲಿಯ ಹಳ್ಳಗಳ ಮರಳನ್ನು ಮರದ ಮರಿಗೆಯಲ್ಲಿ ತೊಳೆದು ಚಿನ್ನದ ಕಣ ತೆಗೆಯುತ್ತಿದ್ದ ಜಾಲಗಾರರ ಕೆಲಸವನ್ನು ಅವರು ಕಂಡಿದ್ದರು. ಚಿನ್ನ ಭಾರ, ಮರಳು ಹಗುರ. ನೀರು ಮರಳನ್ನು ಒಯ್ದು ಚಿನ್ನವನ್ನು ತಳದಲ್ಲಿ ಉಳಿಸುತ್ತದೆ. ಯಾವ ಹಳ್ಳದಲ್ಲಿ ಕಣ ಸಿಗುತ್ತದೆಯೋ ಅದರ ಮೇಲ್ಭಾಗದ ಬಂಡೆಯಲ್ಲಿ ಚಿನ್ನವಿರಬೇಕು ಎಂಬುದು ಜಾಲಗಾರರು ತಲೆಮಾರುಗಳಿಂದ ತಿಳಿದಿದ್ದ ವಿದ್ಯೆ. ಆದರೆ ಹಳ್ಳದ ಕಣ ಬೇರೆ, ಗಣಿಯ ಲಾಭ ಬೇರೆ. ಸಾವಿರಾರು ವರ್ಷಗಳ ಮಳೆ ಒಂದೆಡೆ ಗುಡ್ಡೆ ಹಾಕಿದ್ದನ್ನು ನೋಡಿ, ಬಂಡೆಯೆಲ್ಲ ಚಿನ್ನವೆಂದು ತಿಳಿದವರು ಕೈಸುಟ್ಟುಕೊಂಡರು.

ಅದಕ್ಕೆ ದೊಡ್ಡ ಉದಾಹರಣೆ ನಮ್ಮ ಗಡಿಯಾಚೆಯ ವಯನಾಡು. 1880ರ ಆಸುಪಾಸಿನಲ್ಲಿ ಅಲ್ಲಿ ಚಿನ್ನವಿದೆಯೆಂಬ ಸುದ್ದಿಗೆ ಲಂಡನ್ನಿನಲ್ಲಿ ಹತ್ತಾರು ಕಂಪನಿಗಳು ಎದ್ದವು. ಬೆಣಚುಕಲ್ಲಿನ ಸಿರಗಳನ್ನು ಸರಿಯಾಗಿ ಪರೀಕ್ಷಿಸುವ ಮೊದಲೇ ಷೇರುಗಳು ಮಾರಾಟವಾದವು. ಕೆಲವೇ ವರ್ಷಗಳಲ್ಲಿ ಬಹುತೇಕ ಎಲ್ಲವೂ ಕುಸಿದು, ಸಣ್ಣ ಹೂಡಿಕೆದಾರರ ಹಣ ಮಣ್ಣುಪಾಲಾಯಿತು. ಬೆಣಚುಕಲ್ಲು ಕಂಡಲ್ಲೆಲ್ಲ ಚಿನ್ನವಿರುವುದಿಲ್ಲ ಎಂಬ ಪಾಠ ದುಬಾರಿಯಾಗಿತ್ತು. ಕೋಲಾರದಲ್ಲಿಯೂ ಮೊದಲು ಬಂಡವಾಳ ಕರಗಿ ಹೋಗುವ ಹಂತ ಬಂದಿತ್ತು. ಹಳೆಯ ಕಾಲದವರು ತೋಡಿಬಿಟ್ಟಿದ್ದ ಗುಂಡಿಗಳ ಜಾಡು ಹಿಡಿದು ಆಳಕ್ಕೆ ಹೋದಾಗ ಚಾಂಪಿಯನ್ ಸಿರ ಸಿಕ್ಕಿತು.

ಹಾಗಾದರೆ ಎಲ್ಲಿ ಹುಡುಕಬೇಕು? ಎಲ್ಲಿ ಹುಡುಕಬಾರದು? ಈ ಪ್ರಶ್ನೆಗೆ ಉತ್ತರ ಕೊಟ್ಟವರು ಫೂಟ್. 1882ರಲ್ಲಿ ಮೈಸೂರಿನ ಕೆಲವು ಚಿನ್ನದ ಪ್ರದೇಶಗಳ ಬಗ್ಗೆ ಬರೆದರು. 1887ರಲ್ಲಿ ಮೈಸೂರು ಸಂಸ್ಥಾನದ ಚಿನ್ನದ ಪಟ್ಟಿಗಳನ್ನು ಸುತ್ತಿ ವರದಿ ಒಪ್ಪಿಸಿದರು. ಅಷ್ಟರಲ್ಲಿ ಅವರಿಗೆ ಒಂದು ದೊಡ್ಡ ಚಿತ್ರ ಸ್ಪಷ್ಟವಾಗಿತ್ತು. ದಕ್ಷಿಣದ ನೆಲದಲ್ಲಿ ಬಹುಭಾಗ ಗ್ರಾನೈಟ್ ಮತ್ತು ನೈಸ್. ಅದರ ನಡುವೆ ಉದ್ದುದ್ದ ಪಟ್ಟಿಗಳಾಗಿ ಹಸಿರು, ಕಪ್ಪು ಛಾಯೆಯ ಶಿಸ್ಟ್ ಕಲ್ಲುಗಳು ಓಡುತ್ತವೆ. ಧಾರವಾಡ, ಗದಗ, ಶಿವಮೊಗ್ಗ, ಚಿತ್ರದುರ್ಗ, ಸಂಡೂರು, ಮಸ್ಕಿ, ಕೋಲಾರ ಎಲ್ಲವೂ ಅಂಥ ಪಟ್ಟಿಗಳೇ. ಇವು ಬಿಡಿಬಿಡಿ ಕಲ್ಲುಗಳಲ್ಲ, ಪ್ರಾಚೀನ ಲಾವಾ ಮತ್ತು ಕೆಸರು ಮರಳುಗಳು ಒತ್ತಡಕ್ಕೆ ಸಿಕ್ಕಿ ಮಡಿಸಿಕೊಂಡು ಉಳಿದ ಒಂದೇ ಕುಟುಂಬದ ತುಣುಕುಗಳು ಎಂದು ಅವರು ಗುರುತಿಸಿ, ಅದಕ್ಕೆ ಧಾರವಾಡ ಶಿಲಾಸಮೂಹ ಎಂದು ಹೆಸರಿಟ್ಟರು. ದಕ್ಷಿಣ ಭಾರತದ ಮುಖ್ಯ ಚಿನ್ನದ ಶಿಲೆ ಇದೇ ಎಂದು 1888-89ರಲ್ಲಿ ಪ್ರಕಟಿಸಿದರು. ಚಿನ್ನ ಹುಡುಕುವವರು ವಿಶಾಲವಾದ ಗ್ರಾನೈಟ್ ಬಯಲನ್ನು ಬಿಟ್ಟು ಈ ಕಿರಿದಾದ ಪಟ್ಟಿಗಳಿಗೆ ಗಮನ ಕೊಡಬೇಕು ಎಂಬುದು ಇದರ ಸಾರಾಂಶ. ಒಂದು ಸೀಮೆಯಲ್ಲಿ ಅಗೆಯಬೇಡಿ ಎಂದು ಆಧಾರ ಸಹಿತ ಹೇಳುವುದು, ಅಗೆಯಿರಿ ಎಂದು ಹೇಳುವಷ್ಟೇ ಬೆಲೆಬಾಳುವ ಸಲಹೆ.

ಕಾಲ ಈ ತೀರ್ಮಾನವನ್ನು ಎತ್ತಿಹಿಡಿಯಿತು. ಕೋಲಾರದ ಶಿಸ್ಟ್ ಪಟ್ಟಿಯ ಸಿರ ಉತ್ತರ ದಕ್ಷಿಣವಾಗಿ ಓಡುತ್ತದೆ, ಪಶ್ಚಿಮಕ್ಕೆ ಕಡಿದಾಗಿ ಇಳಿಯುತ್ತದೆ. ಆ ಸ್ಟ್ರೈಕ್ ಮತ್ತು ಡಿಪ್ ಅನುಸರಿಸಿಯೇ ಗಣಿಗಾರರು ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. 2001ರ ಫೆಬ್ರವರಿ 28ರಂದು ಮುಚ್ಚುವವರೆಗೆ ಆ ಗಣಿಗಳು ಸುಮಾರು 800 ಟನ್ ಚಿನ್ನ ಕೊಟ್ಟವು. ರಾಯಚೂರು ಜಿಲ್ಲೆಯ ಹಟ್ಟಿ ಗಣಿಯೂ ಧಾರವಾಡ ಪಟ್ಟಿಯಲ್ಲಿದ್ದು ಇಂದಿಗೂ ಕೆಲಸ ಮಾಡುತ್ತಿದೆ. ಅಲ್ಲಿಯ ಪುರಾತನ ಸುರಂಗಗಳಲ್ಲಿ ಸಿಕ್ಕ ಮರದ ತುಂಡುಗಳು ಸುಮಾರು ಎರಡು ಸಾವಿರ ವರ್ಷ ಹಳೆಯವು. ಮಸ್ಕಿಯಲ್ಲಿ ಅಶೋಕನ ಹೆಸರುಳ್ಳ ಪ್ರಸಿದ್ಧ ಶಾಸನವನ್ನು 1915ರಲ್ಲಿ ಮೊದಲು ಕಂಡದ್ದೂ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರೇ. ಕಪ್ಪತಗುಡ್ಡದಲ್ಲಿ 20ನೇ ಶತಮಾನದ ಆರಂಭದಲ್ಲಿ ತೆರೆದ ಗಣಿಗಳು ಕೆಲವೇ ವರ್ಷಗಳಲ್ಲಿ ಮುಚ್ಚಿದವು. ಔಷಧಿ ಸಸ್ಯಗಳಿಗೆ ಹೆಸರಾದ ಆ ಗುಡ್ಡ ಜನರ ಹೋರಾಟದ ನಂತರ 2019ರಲ್ಲಿ ವನ್ಯಜೀವಿ ಧಾಮವಾಯಿತು.

ಬಳ್ಳಾರಿಯ ಬೂದಿ, ಸಂಗನಕಲ್ಲಿನ ಕೊಡಲಿ

ಬಳ್ಳಾರಿ ಜಿಲ್ಲೆಯ ಮೇಲೆ ಫೂಟ್ ಅವರಿಗೆ ವಿಶೇಷ ಮಮತೆ. ಆ ಜಿಲ್ಲೆಯ ಭೂರಚನೆ ಕುರಿತ ಅವರ ದೊಡ್ಡ ಗ್ರಂಥ 1895ರಲ್ಲಿ ಹೊರಬಂತು. ಅಲ್ಲಿಯ ಬಯಲುಗಳಲ್ಲಿ ಅಲ್ಲಲ್ಲಿ ಬೂದಿಯ ದಿಬ್ಬಗಳಿವೆ. ಹಂಪಿಯ ಸಮೀಪ ನಿಂಬಾಪುರದ ದಿಬ್ಬವನ್ನು ವಾಲಿಯ ಚಿತಾಭಸ್ಮ ಎಂದು ಜನ ನಂಬುತ್ತಾರೆ. ಇಂಥ ದಿಬ್ಬಗಳು ನವಶಿಲಾಯುಗದ ದನಗಾಹಿಗಳ ಸಗಣಿ ಸುಟ್ಟ ಬೂದಿ ಎಂಬ ವಿಚಾರವನ್ನು ಫೂಟ್ ಮುಂದಿಟ್ಟರು. 1957ರಲ್ಲಿ ಉಟ್ನೂರಿನಲ್ಲಿ ನಡೆದ ಆಲ್ಚಿನ್ ಅವರ ಉತ್ಖನನ ಅದಕ್ಕೆ ಬಲ ತಂದಿತು.

ಸಂಗನಕಲ್ಲು, ಕಪ್ಪಗಲ್ಲು ಬೆಟ್ಟಗಳಲ್ಲಿ ಗ್ರಾನೈಟನ್ನು ಸೀಳಿಕೊಂಡು ಡಾಲರೈಟ್ ಎಂಬ ಕಗ್ಗಲ್ಲಿನ ಗೋಡೆ ಎದ್ದಿದೆ. ಸುತ್ತಲೂ ಗ್ರಾನೈಟ್ ಬೇಕಾದಷ್ಟಿದ್ದರೂ ನಾಲ್ಕು ಸಾವಿರ ವರ್ಷಗಳ ಹಿಂದಿನ ಜನ ಅದನ್ನು ಬಿಟ್ಟು, ಕೊಡಲಿಗೆ ಈ ಕಗ್ಗಲ್ಲನ್ನೇ ಆರಿಸಿಕೊಂಡು ಇಲ್ಲಿ ದೊಡ್ಡ ಕಾರ್ಖಾನೆಯನ್ನೇ ನಡೆಸಿದ್ದರು. ಕಲ್ಲಿನ ಗುಣ ಅರಿತು ಹುಡುಕುವ ವಿದ್ಯೆ ಈ ನಾಡಿಗೆ ಆಂಗ್ಲರು ತಂದದ್ದಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. ಇಂದು ಬಳ್ಳಾರಿಯಲ್ಲಿ ಫೂಟ್ ಅವರ ಹೆಸರಿನ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯವಿದೆ.

ಕೊನೆಯ ವರ್ಷಗಳು

1891ರಲ್ಲಿ ನಿವೃತ್ತರಾದರೂ ಫೂಟ್ ಸುಮ್ಮನೆ ಕೂರಲಿಲ್ಲ. ಬರೋಡಾ ಸಂಸ್ಥಾನದ ಭೂರಚನೆಯ ಸಮೀಕ್ಷೆ ನಡೆಸಿದರು. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆ ತೆರೆದಾಗ ಅದರ ಮೊದಲ ಮುಖ್ಯಸ್ಥರಾದರು. ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದ ಕಾಲ ಅದು. ಕರ್ನಾಟಕ ಸರ್ಕಾರದ ಇಂದಿನ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಮೂಲ ಅದೇ.

ನೌಕರಿಯ ಕೆಲಸ ಬಂಡೆ ಅಳೆಯುವುದಾದರೂ ದಾರಿಯಲ್ಲಿ ಸಿಕ್ಕ ಕಲ್ಲಿನ ಆಯುಧ, ಮಡಕೆ ಚೂರುಗಳನ್ನೆಲ್ಲ ಫೂಟ್ ಜೋಪಾನ ಮಾಡಿದ್ದರು. ಯಾವ ವಸ್ತು ಯಾವ ಊರಿನದು ಎಂದು ಅವರು ಗುರುತು ಹಾಕಿಡುತ್ತಿದ್ದರು. ಊರು ತಿಳಿಯದ ಹಳೆಯ ವಸ್ತು, ಖಾತೆ ಸಂಖ್ಯೆ ಇಲ್ಲದ ಠೇವಣಿಯಂತೆ. ಇದೆ, ಆದರೆ ಯಾರ ಲೆಕ್ಕಕ್ಕೂ ಬರುವುದಿಲ್ಲ. ನಾನೂರಕ್ಕೂ ಹೆಚ್ಚು ಸ್ಥಳಗಳ ಈ ಸಂಗ್ರಹವನ್ನು ಮದ್ರಾಸ್ ಸರ್ಕಾರ 1904ರಲ್ಲಿ ಎಗ್ಮೋರ್ ವಸ್ತುಸಂಗ್ರಹಾಲಯಕ್ಕಾಗಿ ಕೊಂಡುಕೊಂಡಿತು. ಅದರ ಪಟ್ಟಿಯನ್ನು ಫೂಟ್ ಅವರೇ ಸಿದ್ಧಪಡಿಸಿದರು. ಆದರೆ ಅದು ಅಚ್ಚಾಗಿ ಹೊರಬಂದಾಗ ನೋಡಲು ಅವರು ಇರಲಿಲ್ಲ. ಸೇಲಂ ಬಳಿಯ ಏರ್ಕಾಡಿನಲ್ಲಿ ನೆಲೆಸಿದ್ದ ಅವರು 1912ರ ಡಿಸೆಂಬರ್ 29ರಂದು ಕಲ್ಕತ್ತೆಯಲ್ಲಿ ತೀರಿಕೊಂಡರು. ಅವರ ಅಸ್ಥಿಯನ್ನು ಏರ್ಕಾಡಿನ ಹೋಲಿ ಟ್ರಿನಿಟಿ ಚರ್ಚಿನ ಆವರಣದಲ್ಲಿ ಇಡಲಾಗಿದೆ. ಪಟ್ಟಿ 1914ರಲ್ಲಿ ಪ್ರಕಟವಾಯಿತು.

ಚೆನ್ನೈಯಲ್ಲಿರುವ ಕನ್ನಡಿಗರಿಗೆ ಪಲ್ಲಾವರಂ, ಎಗ್ಮೋರ್ ಎರಡೂ ಲೋಕಲ್ ರೈಲಿನ ದೂರ. ಬಳ್ಳಾರಿ, ರಾಯಚೂರು, ಧಾರವಾಡದ ಹೊಲಗಳಲ್ಲಿ ನಮ್ಮ ಪೂರ್ವಿಕರು ಬಿಟ್ಟುಹೋದ ವಸ್ತುಗಳು ಈ ಸಂಗ್ರಹದಲ್ಲಿವೆ. ಕನ್ನಡ ಸಂಘಗಳು ಮಕ್ಕಳ ವಾರ್ಷಿಕ ಪ್ರವಾಸಕ್ಕೆ ಈ ವಸ್ತುಸಂಗ್ರಹಾಲಯವನ್ನು ಸೇರಿಸಿಕೊಂಡರೆ ಒಳಿತು. ಬೇರೆ ನಗರಗಳ ಕನ್ನಡಿಗರು ಬೇಸಿಗೆ ರಜೆಯಲ್ಲಿ ಊರಿಗೆ ಹೋಗುವಾಗ ಮಕ್ಕಳ ಕೈಗೆ ಒಂದು ಸಣ್ಣ ದಿಕ್ಸೂಚಿ ಕೊಡಬಹುದು. ಊರ ಸಮೀಪ ಬಂಡೆಯ ಪದರ ಎತ್ತ ಓಡುತ್ತದೆ, ಎತ್ತ ಇಳಿಯುತ್ತದೆ ಎಂದು ಅವರೇ ನೋಡಿ ಬರೆದುಕೊಳ್ಳಲಿ. ಹಳೆಯ ಆಯುಧ, ಮಡಕೆ ಚೂರು ಕಂಡರೆ ಮಾತ್ರ ಎತ್ತಿಕೊಂಡು ಬರುವುದು ಬೇಡ. ಇದ್ದಲ್ಲೇ ಬಿಟ್ಟು, ಊರಿನ ಹೆಸರು ಬರೆದುಕೊಂಡು ಪುರಾತತ್ವ ಇಲಾಖೆಗೆ ತಿಳಿಸಿದರೆ ಸಾಕು.